ಸಮಿತಿಯ ಸಭೆ ನಡೆಸಿಕೊಡುವವರು: ಬೆಳಗಾವಿಯ ಒಂದು ಸಲಹಾ ಸೇವೆಯ ವಿಮರ್ಶೆ

ಅಪಾರ್ಟ್‌ಮೆಂಟ್ ಮಾಲೀಕರ ಸಂಘಗಳ ಬೈಲಾ (ಸಂಘದ ಒಳನಿಯಮ) ಓದಿ ಹೇಳುವ, ಸಭೆಗಳನ್ನು ಹೊರಗಿನವರಾಗಿ ಬಂದು ನಡೆಸಿಕೊಡುವ, ಸಮಿತಿಯೊಳಗಿನ ತಂಟೆ ಕೋರ್ಟಿನ ಮೆಟ್ಟಿಲು ಹತ್ತುವ ಮೊದಲೇ ಅದನ್ನು ಒಂದು ಹದಕ್ಕೆ ತರಲು ನೆರವಾಗುವ ಸಣ್ಣ ಕಚೇರಿಯೊಂದು ಬೆಳಗಾವಿಯಲ್ಲಿದೆ. ಸಹಕಾರ ಇಲಾಖೆಯಲ್ಲಿ ಲೆಕ್ಕಪರಿಶೋಧಕರಾಗಿದ್ದು ನಿವೃತ್ತರಾದ ಹಿರಿಯರೊಬ್ಬರು ಮತ್ತು ಸಿವಿಲ್ ದಾವೆಗಳನ್ನು ನಡೆಸುವ ವಕೀಲೆಯೊಬ್ಬರು ಸೇರಿ ಅದನ್ನು ನಡೆಸುತ್ತಾರೆ. ಟಿಳಕವಾಡಿಯಲ್ಲಿರುವ ನಮ್ಮ 36 ಫ್ಲ್ಯಾಟುಗಳ ಕಟ್ಟಡದ ಸಂಘವು ಇತ್ತೀಚೆಗೆ ಅವರ ಸೇವೆಯನ್ನು ಪಡೆಯಿತು. ಸಂಘದ ಕಾರ್ಯದರ್ಶಿಯಾಗಿ ಅವರ ಕೆಲಸವನ್ನು ಮೊದಲಿನಿಂದ ಕೊನೆಯವರೆಗೆ ನೋಡಿದ್ದರಿಂದ, ಇಂಥದೇ ಪೇಚಿನಲ್ಲಿರುವ ಬೇರೆ ಸಂಘದವರಿಗೆ ಉಪಯೋಗವಾದೀತೆಂದು ಇದನ್ನು ಬರೆಯುತ್ತಿದ್ದೇನೆ. ಹೊಗಳಿಕೆಯ ಜೊತೆಗೆ ದೂರುಗಳೂ ಇರುವುದರಿಂದ, ಮತ್ತು ನಮ್ಮ ನೆರೆಯವರೊಬ್ಬರ ಗುರುತು ಬಯಲಾಗಬಾರದೆಂಬ ಕಾರಣದಿಂದ, ಕಚೇರಿಯ ಹೆಸರನ್ನಾಗಲಿ ಕಟ್ಟಡದ ಹೆಸರನ್ನಾಗಲಿ ಇಲ್ಲಿ ಕೊಟ್ಟಿಲ್ಲ.

ಸಮಸ್ಯೆ ಏನಿತ್ತೆಂಬುದನ್ನು ಹೇಳದೆ ಸೇವೆಯ ಗುಣ ತಿಳಿಯುವುದಿಲ್ಲ. ನಮ್ಮ ಸಮಿತಿಯಲ್ಲಿ ಏಳು ಜನರಿದ್ದಾರೆ. ಅವರಲ್ಲಿ ಜಂಟಿ ಕಾರ್ಯದರ್ಶಿಯಾಗಿದ್ದ ಒಬ್ಬರು, ಒಂದು ಸಭೆಯಲ್ಲಿ ಬಹುಮತದಿಂದ ಆದ ಠರಾವನ್ನು ಮುಂದಿನ ಸಭೆಯಲ್ಲಿ ಮತ್ತೆ ಮೊದಲಿನಿಂದ ತೆಗೆಯುತ್ತಿದ್ದರು. ಟೆರೇಸಿನ ವಾಟರ್‌ಪ್ರೂಫಿಂಗ್ ಕೆಲಸ ಬೇಸಿಗೆಯಲ್ಲೇ ಮುಗಿಯಬೇಕಾಗಿದ್ದುದು ಹೀಗೆ ಎಳೆದಾಡಿ ಜೂನ್ ಬಂತು. ಬೆಳಗಾವಿಯ ಮಳೆ ಯಾರ ಠರಾವಿಗೂ ಕಾಯುವಂಥದಲ್ಲವಾದ್ದರಿಂದ ಕೊನೆಯ ಮಹಡಿಯ ಎರಡು ಮನೆಗಳ ಛಾವಣಿಯಲ್ಲಿ ಸುಣ್ಣ ಉಬ್ಬಿ ಉದುರತೊಡಗಿತು. ಚೆಕ್ಕಿಗೆ ಖಜಾಂಚಿಯ ಜೊತೆ ಅವರ ಸಹಿಯೂ ಬೇಕಾಗಿದ್ದರಿಂದ ಲಿಫ್ಟಿನ ವಾರ್ಷಿಕ ನಿರ್ವಹಣೆಯ ಹಣ ಪಾವತಿಯಾಗದೆ ನಿಂತಿತು. ವಾಚ್‌ಮನ್‌ಗೆ ಅಧ್ಯಕ್ಷರು ಒಂದು ಹೇಳಿದರೆ ಇವರು ಇನ್ನೊಂದು ಹೇಳುತ್ತಿದ್ದರು. ರಾತ್ರಿ ಹನ್ನೊಂದರ ಮೇಲೆ ವಾಟ್ಸಾಪ್ ಗುಂಪಿನಲ್ಲಿ ಖಜಾಂಚಿಯವರ ಪ್ರಾಮಾಣಿಕತೆಯ ಬಗ್ಗೆ ಪ್ರಶ್ನೆಗಳು ಬರುತ್ತಿದ್ದವು, ಬೆಳಗಾಗುವುದರೊಳಗೆ ಅದಕ್ಕೆ ನಲವತ್ತು ಉತ್ತರಗಳು ಸೇರಿರುತ್ತಿದ್ದವು. ಇದೆಲ್ಲದರ ಮೇಲೆ, ಪ್ರತಿಭಟನೆಯೆಂದು ತಮ್ಮ ಮನೆಯ ಮೇಂಟೆನನ್ಸ್ ಕೊಡುವುದನ್ನೂ ಅವರು ನಿಲ್ಲಿಸಿದರು. ಸಮಿತಿಯ ಉಳಿದವರಲ್ಲಿ ಒಬ್ಬರು ಅವರ ಮನೆಯ ನೀರು ಬಂದ್ ಮಾಡೋಣವೆಂದರೆ, ಇನ್ನೊಬ್ಬರು ಮುಂದಿನ ಸಭೆಯಲ್ಲಿ ನಾವೇ ಠರಾವು ಮಾಡಿ ಅವರನ್ನು ಸಮಿತಿಯಿಂದ ತೆಗೆದುಹಾಕೋಣವೆಂದರು. ಈ ಎರಡರಲ್ಲಿ ಯಾವುದೂ ಕಾನೂನಿನಲ್ಲಿ ನಿಲ್ಲುವುದಿಲ್ಲವೆಂದು ತಿಳಿದದ್ದೇ ಈ ಕಚೇರಿಯವರಿಂದ.

ಕೆಲಸ ಒಪ್ಪಿಕೊಳ್ಳುವ ಮೊದಲು ಅವರು ಹಾಕಿದ ಷರತ್ತು ನನಗೆ ಎಲ್ಲಕ್ಕಿಂತ ಹಿಡಿಸಿತು. ಅಧ್ಯಕ್ಷರು ಖಾಸಗಿಯಾಗಿ ಕರೆಸಿದರೆ ಬರುವುದಿಲ್ಲ. ತಮ್ಮನ್ನು ಕರೆಸುವ ವಿಷಯ ಸಮಿತಿಯ ಕಾರ್ಯಸೂಚಿಯಲ್ಲಿರಬೇಕು, ಆ ಸದಸ್ಯರಿಗೂ ಅದರ ನೋಟಿಸು ಮುಟ್ಟಿರಬೇಕು, ಅವರ ಆಕ್ಷೇಪಣೆಯಿದ್ದರೆ ಅದು ನಡಾವಳಿಯಲ್ಲಿ ದಾಖಲಾಗಿರಬೇಕು ಎಂದರು. ಆಕ್ಷೇಪಣೆ ಬಂದೇ ಬಂತು. "ನಮ್ಮ ರೊಕ್ಕದಾಗ ನಮ್ಮ ಮ್ಯಾಲೇ ವಕೀಲರನ್ನ ತಂದು ಕೂಡಸ್ತೀರೇನ್ರೀ?" ಎಂದು ಅವರು ಕೇಳಿದ ಪ್ರಶ್ನೆ ನ್ಯಾಯವಾದದ್ದೇ ಆಗಿತ್ತು, ಏಕೆಂದರೆ ಸಂಘದ ನಿಧಿಯಲ್ಲಿ ಅವರ ಪಾಲೂ ಇದೆ. ಕಚೇರಿಯವರು ಅದಕ್ಕೆ ಬಾಯಿಮಾತಿನ ಸಮಾಧಾನ ಹೇಳದೆ, ಒಪ್ಪಂದದ ಪತ್ರದಲ್ಲಿಯೇ ಎರಡು ಸಾಲು ಸೇರಿಸಿ ಕಳಿಸಿದರು: ಈ ವಿವಾದ ಮುಂದೆ ನ್ಯಾಯಾಲಯಕ್ಕೆ ಹೋದರೆ ತಾವು ಸಂಘದ ಪರವಾಗಿಯೂ ಸದಸ್ಯರ ಪರವಾಗಿಯೂ ವಕಾಲತ್ತು ಹಾಕುವುದಿಲ್ಲ, ಮತ್ತು ಒಂದು ಪಕ್ಷಕ್ಕೆ ಬರೆದುಕೊಟ್ಟ ಯಾವ ಸಲಹೆಯ ಪ್ರತಿಯೂ ಇನ್ನೊಂದು ಪಕ್ಷಕ್ಕೆ ತಲುಪುತ್ತದೆ. ಇಂಥ ಸೇವೆಯನ್ನು ಬೇರೆ ಊರಿನಲ್ಲಿ ಹುಡುಕುವವರು ಈ ಎರಡು ಸಾಲುಗಳನ್ನು ಕೇಳಿ ಬರೆಸಿಕೊಳ್ಳಬೇಕೆಂದು ನನ್ನ ಸಲಹೆ. ನಿಷ್ಪಕ್ಷಪಾತಿಗಳೆಂದು ಎಲ್ಲರೂ ಹೇಳಿಕೊಳ್ಳುತ್ತಾರೆ, ಬರೆದುಕೊಡುವವರು ಕಡಿಮೆ.

ಅವರ ಮೊದಲ ಪ್ರಶ್ನೆ ಆ ಸದಸ್ಯರ ಸ್ವಭಾವದ ಬಗ್ಗೆ ಇರಲಿಲ್ಲ. ನಿಮ್ಮ ಸಂಘ ಯಾವ ಕಾನೂನಿನ ಅಡಿಯಲ್ಲಿದೆ ಎಂದು ಕೇಳಿದರು. ಸಮಿತಿಯ ಏಳು ಜನರಲ್ಲಿ ಮೂವರು ಮೂರು ಉತ್ತರ ಕೊಟ್ಟರು. ಕರ್ನಾಟಕದಲ್ಲಿ ಕೆಲವು ಸಂಘಗಳು 1972ರ ಕರ್ನಾಟಕ ಅಪಾರ್ಟ್‌ಮೆಂಟ್ ಮಾಲೀಕತ್ವ ಕಾಯ್ದೆಯಡಿ ಘೋಷಣಾ ಪತ್ರ (ಕಟ್ಟಡವನ್ನೂ ಅದರಲ್ಲಿ ಪ್ರತಿ ಫ್ಲ್ಯಾಟಿನ ಪಾಲನ್ನೂ ನಮೂದಿಸುವ ದಸ್ತಾವೇಜು) ನೋಂದಾಯಿಸಿ ಆಗಿವೆ, ಕೆಲವು 1960ರ ಸಂಘಗಳ ನೋಂದಣಿ ಕಾಯ್ದೆಯಡಿ ಆಗಿವೆ, ಇನ್ನು ಕೆಲವು ಎರಡರ ನಡುವೆ ಗೊಂದಲದಲ್ಲಿವೆ. ಯಾರನ್ನು ಯಾರು ತೆಗೆಯಬಹುದು, ಎಷ್ಟು ಬಹುಮತ ಬೇಕು, ದೂರು ಎಲ್ಲಿಗೆ ಒಯ್ಯಬೇಕು ಎಂಬುದೆಲ್ಲ ಈ ಒಂದು ಉತ್ತರದ ಮೇಲೆ ನಿಂತಿದೆ. ಉದಾಹರಣೆಗೆ, 1960ರ ಕಾಯ್ದೆಯಡಿಯ ಸಂಘವಾಗಿದ್ದರೆ ಒಟ್ಟು ಸದಸ್ಯರಲ್ಲಿ ಮೂರನೇ ಒಂದು ಭಾಗಕ್ಕೆ ಕಡಿಮೆಯಿಲ್ಲದಷ್ಟು ಜನ, ಅಥವಾ ಆಡಳಿತ ಮಂಡಳಿಯ ಬಹುಸಂಖ್ಯಾತರು ಅರ್ಜಿ ಕೊಟ್ಟಾಗ ನೋಂದಣಾಧಿಕಾರಿಗಳು 25ನೇ ಕಲಮಿನಡಿ ವಿಚಾರಣೆ ನಡೆಸಬೇಕಾಗುತ್ತದೆ. ನಮ್ಮದು 1972ರ ಕಾಯ್ದೆಯ ಸಂಘವೆಂಬುದು ಘೋಷಣಾ ಪತ್ರವನ್ನು ಕಪಾಟಿನಿಂದ ತೆಗೆದಾಗಲೇ ಖಚಿತವಾಯಿತು. ಬೈಲಾ ಅದಕ್ಕೇ ಲಗತ್ತಾಗಿತ್ತು, ಮತ್ತು ಅದನ್ನು ಪೂರ್ತಿ ಓದಿದವರು ಸಮಿತಿಯಲ್ಲಿ ಇದ್ದರೆ ಅದು ಆ ತಂಟೆಯ ಸದಸ್ಯರೊಬ್ಬರೇ ಎಂಬುದು ಬೇರೆ ಮಾತು.

ವಕೀಲೆಯವರು ಬೈಲಾವನ್ನು ಸಮಿತಿಯ ಮುಂದಿಟ್ಟು ವಿವರಿಸಿದ ರೀತಿ ಚೆನ್ನಾಗಿತ್ತು. ಸಮಿತಿಯ ಸದಸ್ಯತ್ವ ಬೇರೆ, ಸಮಿತಿಯೊಳಗಿನ ಹುದ್ದೆ ಬೇರೆ. ಅಧ್ಯಕ್ಷ, ಕಾರ್ಯದರ್ಶಿ, ಖಜಾಂಚಿ ಮುಂತಾದ ಹುದ್ದೆಗಳಿಗೆ ಸಮಿತಿಯೇ ತನ್ನೊಳಗಿನಿಂದ ಆರಿಸುತ್ತದೆಯಾದ್ದರಿಂದ, ಆ ಹುದ್ದೆಯನ್ನು ಹಿಂಪಡೆಯುವ ಅಧಿಕಾರವೂ ಸಮಿತಿಯ ಬಹುಮತಕ್ಕಿದೆ. ಆದರೆ ಸದಸ್ಯರನ್ನು ಸಮಿತಿಗೆ ಕಳಿಸಿದವರು ಮಾಲೀಕರು. ಅವರನ್ನು ಹಿಂದಕ್ಕೆ ಕರೆಯುವ ಅಧಿಕಾರ ಮಾಲೀಕರ ಸಭೆಗೆ ಮಾತ್ರ ಇದೆ, ಅದೂ ಆ ಸದಸ್ಯರಿಗೆ ಸಭೆಯಲ್ಲಿ ತಮ್ಮ ಮಾತು ಹೇಳುವ ಅವಕಾಶ ಕೊಟ್ಟ ಮೇಲೆ. ಅಮೆರಿಕದಲ್ಲಿ ಹೋಮ್‌ಓನರ್ಸ್ ಅಸೋಸಿಯೇಷನ್ ಎಂದು ಕರೆಯುವ ಸಂಘಗಳಲ್ಲಿಯೂ ಸಾಮಾನ್ಯವಾಗಿ ಇದೇ ಪದ್ಧತಿಯಿದೆಯಂತೆ. ಅಲ್ಲಿಯೂ ಮಂಡಳಿಯು ತನ್ನ ಸದಸ್ಯರ ಹುದ್ದೆಯನ್ನು ಕಿತ್ತುಕೊಳ್ಳಬಹುದೇ ಹೊರತು ಅವರ ಸದಸ್ಯತ್ವವನ್ನಲ್ಲ. ಮೇಂಟೆನನ್ಸ್ ವಿಷಯಕ್ಕೂ ಅವರ ಉತ್ತರ ಅಷ್ಟೇ ಸ್ಪಷ್ಟವಾಗಿತ್ತು. ಸಾಮಾನ್ಯ ಖರ್ಚಿನ ಬಾಕಿಯು ಆ ಫ್ಲ್ಯಾಟಿನ ಮೇಲೆಯೇ ಹೊರೆಯಾಗಿ ಕೂರುತ್ತದೆ. ಸರ್ಕಾರದ ಮತ್ತು ನಗರಪಾಲಿಕೆಯ ತೆರಿಗೆ ಹಾಗೂ ಮೊದಲ ಅಡಮಾನದ ಸಾಲವನ್ನು ಬಿಟ್ಟರೆ ಉಳಿದೆಲ್ಲ ಹೊರೆಗಳಿಗಿಂತ ಅದಕ್ಕೆ ಆದ್ಯತೆ. ಆದ್ದರಿಂದ ಪ್ರತಿಭಟನೆಯೆಂದು ಹಣ ತಡೆದರೆ ಅದು ಮಾಫಿಯಾಗುವುದಿಲ್ಲ, ಮನೆ ಮಾರುವ ದಿನ ಎದುರಿಗೆ ಬಂದು ನಿಲ್ಲುತ್ತದೆ. ಹಾಗೆಯೇ, ಬಾಕಿಯಿದೆಯೆಂದು ಸಮಿತಿಯು ತಾನೇ ನ್ಯಾಯಾಧೀಶನಾಗಿ ಒಂದು ಮನೆಯ ನೀರಿನ ವಾಲ್ವ್ ತಿರುಗಿಸುವಂತೆಯೂ ಇಲ್ಲ. ಎರಡೂ ಕಡೆಯವರು ಒಂದೇ ಸಭೆಯಲ್ಲಿ ಒಂದೊಂದು ಮಾತು ಕೇಳಿಸಿಕೊಂಡರು.

ಹಿರಿಯರ ಪಾಲಿನ ಕೆಲಸ ಆ ಸದಸ್ಯರೊಡನೆ ಕುಳಿತು ಮಾತನಾಡುವುದಾಗಿತ್ತು. ಮಾತುಕತೆ ಅವರ ಮನೆಯಲ್ಲಿಯೇ ನಡೆಯಿತು. ಅವರ ಕೋರಿಕೆಯ ಮೇರೆಗೆ ಕೆಲಹೊತ್ತು ನಾನೂ ಅಲ್ಲಿದ್ದೆ. ಹಿರಿಯರು ಉಪದೇಶಕ್ಕೆ ಇಳಿಯಲಿಲ್ಲ. ಅಡ್ಡಗೆರೆಯ ದೊಡ್ಡ ಹಾಳೆಯೊಂದನ್ನು ಟೀಪಾಯಿಯ ಮೇಲೆ ಹರವಿ, ನಾಲ್ಕು ಕಾಲಂ ಎಳೆದು, ಅವರ ದೂರುಗಳನ್ನು ಒಂದೊಂದಾಗಿ ಬರೆಯುತ್ತಾ ಹೋದರು: ಪ್ರಶ್ನೆ ಏನು, ಯಾವ ದಾಖಲೆ ನೋಡಿದರೆ ಉತ್ತರ ಸಿಗುತ್ತದೆ, ಯಾರು ಉತ್ತರಿಸಬೇಕು, ಯಾವ ತಾರೀಖಿನೊಳಗೆ. ಮಾತು ಖಜಾಂಚಿಯವರ ಮಗನ ಹೊಸ ಕಾರಿನತ್ತ ಹೊರಳಿದಾಗ ಪೆನ್ನು ನಿಲ್ಲಿಸಿ, "ಇದಕ್ಕ ಯಾವ ದಾಖಲೆ ನೋಡೂಣು, ಹೇಳ್ರಿ" ಎಂದು ಕಾದರು. ಉತ್ತರ ಬರಲಿಲ್ಲ; ಆ ಸಾಲು ಹಾಳೆಗೆ ಇಳಿಯಲಿಲ್ಲ. ಕೊನೆಯಲ್ಲಿ ಹಾಳೆಯ ಕೆಳಗೆ ಅವರ ಸಹಿ ಮಾಡಿಸಿಕೊಂಡು, ಇನ್ನು ಈ ಪಟ್ಟಿಯಲ್ಲಿರುವ ಪ್ರಶ್ನೆಗಳಿಗೆ ಪಟ್ಟಿಯಲ್ಲಿಯೇ ಉತ್ತರ ಬರುತ್ತದೆ, ವಾಟ್ಸಾಪ್‌ನಲ್ಲಿ ಕೇಳಿದ್ದಕ್ಕೆ ಸಮಿತಿ ಉತ್ತರಿಸಬೇಕಾಗಿಲ್ಲ ಎಂದು ಒಪ್ಪಿಸಿದರು.

ಈ ಪಟ್ಟಿಯೇ ಅವರ ಸೇವೆಯ ನಿಜವಾದ ಬೆಲೆ ಎಂದು ನಾನು ತಿಳಿಯುತ್ತೇನೆ. ಅದನ್ನು ಸಮಿತಿಯ ಮುಂದಿಟ್ಟಾಗ, ಗದ್ದಲದಲ್ಲಿ ಯಾರಿಗೂ ಕೇಳಿಸದಿದ್ದ ಒಂದೆರಡು ಒಳ್ಳೆಯ ಪ್ರಶ್ನೆಗಳು ಕಣ್ಣಿಗೆ ಬಿದ್ದವು. ಟೆರೇಸಿನ ಕೆಲಸಕ್ಕೆ ಸಮಿತಿ ಒಪ್ಪಿದ್ದ ಕೊಟೇಶನ್‌ನಲ್ಲಿ ಕೆಲಸ ಮುಗಿದ ಮೇಲೆ ನೀರು ನಿಲ್ಲಿಸಿ ಪರೀಕ್ಷಿಸುವ ಷರತ್ತು ಇರಲಿಲ್ಲ. ವಾಟರ್‌ಪ್ರೂಫಿಂಗ್ ಮಾಡಿದ ಟೆರೇಸಿನ ಹೊರಗಿಂಡಿಗಳನ್ನು ಮುಚ್ಚಿ, ಕನಿಷ್ಠ 24 ಗಂಟೆಯಾದರೂ ನೀರು ನಿಲ್ಲಿಸಿ, ಕೆಳಗಿನ ಛಾವಣಿಯಲ್ಲಿ ಒದ್ದೆ ಕಾಣುತ್ತದೆಯೇ ಎಂದು ನೋಡಿದ ಮೇಲೆಯೇ ಕೊನೆಯ ಕಂತು ಕೊಡುವುದು ಆ ಕೆಲಸದ ರೂಢಿ. ಈ ಸದಸ್ಯರು ಮೂರು ಸಭೆಗಳಲ್ಲಿ ಕೂಗಾಡಿದ್ದು ಮೂಲತಃ ಇದಕ್ಕಾಗಿ. ಆದರೆ ಆ ಕೂಗಾಟದಲ್ಲಿ ಗುತ್ತಿಗೆದಾರರ ಜಾತಿ, ಅಧ್ಯಕ್ಷರ ಅಹಂಕಾರ, ಹಿಂದಿನ ವರ್ಷದ ಗಣಪತಿ ಹಬ್ಬದ ಚಂದಾ ಲೆಕ್ಕ ಎಲ್ಲ ಬೆರೆತು ಮೂಲ ಮಾತು ಮುಳುಗಿಹೋಗಿತ್ತು. ಹಾಳೆಯ ಮೇಲೆ ಒಂದು ಸಾಲಾಗಿ ಬಂದಾಗ ಅದಕ್ಕೆ ಯಾರೂ ಎದುರಾಡಲಿಲ್ಲ. ಗುತ್ತಿಗೆಯಲ್ಲಿ ಷರತ್ತು ಸೇರಿತು. ಇನ್ನೊಂದು ಪ್ರಶ್ನೆ ಅಷ್ಟೇ ಬೇಗ ಮುಚ್ಚಿತು. ಟೆರೇಸಿನ ದುರಸ್ತಿಯನ್ನು ಬಿಲ್ಡರ್‌ನಿಂದಲೇ ಮಾಡಿಸಬೇಕೆಂದು ಅವರು ಹಟ ಹಿಡಿದಿದ್ದರು. 2016ರ ರೇರಾ (ರಿಯಲ್ ಎಸ್ಟೇಟ್ ನಿಯಂತ್ರಣ) ಕಾಯ್ದೆಯ 14ನೇ ಕಲಮಿನಲ್ಲಿ ನಿರ್ಮಾಣದ ದೋಷಗಳಿಗೆ ಬಿಲ್ಡರ್ ಹೊಣೆಯಾಗುವುದು ಸ್ವಾಧೀನ ಕೊಟ್ಟ ದಿನದಿಂದ ಐದು ವರ್ಷದವರೆಗೆ ಎಂದೂ, ನಮ್ಮ ಕಟ್ಟಡ ಅದಕ್ಕಿಂತ ಬಹಳ ಹಳೆಯದೆಂದೂ ವಕೀಲೆಯವರು ಲಿಖಿತವಾಗಿ ಕೊಟ್ಟ ಮೇಲೆ ಅವರು ಆ ಮಾತು ಎತ್ತಲಿಲ್ಲ. ಭಿನ್ನಾಭಿಪ್ರಾಯಕ್ಕೂ ಅಡ್ಡಿಗೂ ಇರುವ ಅಂತರವನ್ನು ನಮ್ಮ ಸಮಿತಿಯವರು, ನಾನೂ ಸೇರಿ, ಆ ಹಾಳೆಯಷ್ಟು ಚೆನ್ನಾಗಿ ಬೇರ್ಪಡಿಸುತ್ತಿದ್ದೆವೆಂದು ಹೇಳಲಾರೆ.

ನಂತರದ ಎರಡು ಸಭೆಗಳನ್ನು ಹಿರಿಯರೇ ನಡೆಸಿಕೊಟ್ಟರು. ಅಧ್ಯಕ್ಷರು ಅಧ್ಯಕ್ಷರಾಗಿಯೇ ಇದ್ದರು. ಮಾತಿನ ಸರದಿ ಮಾತ್ರ ಇವರ ಕೈಯಲ್ಲಿತ್ತು. ಕಾರ್ಯಸೂಚಿಯಲ್ಲಿ ಇಲ್ಲದ ವಿಷಯ ಬಂದರೆ ಅದನ್ನು ಗೋಡೆಗೆ ಅಂಟಿಸಿದ ಬೇರೊಂದು ಹಾಳೆಯಲ್ಲಿ ಬರೆದಿಟ್ಟು, "ಸಾಹೇಬರ, ನಿಮ್ಮ ಮಾತು ಬರ್ಕೊಂಡೀವಿ, ಮೊದಲ ಇದನ್ನ ಮುಗಸೂಣು" ಎನ್ನುತ್ತಿದ್ದರು. ಒಂದು ವಿಷಯಕ್ಕೆ ಒಬ್ಬರು ಒಮ್ಮೆ ಮೂರು ನಿಮಿಷ, ಎಲ್ಲರ ಸರದಿ ಮುಗಿದ ಮೇಲೆ ಬೇಕಾದರೆ ಇನ್ನೊಮ್ಮೆ, ಅಧ್ಯಕ್ಷರಿಗೂ ಅಷ್ಟೇ. ಮುಗಿದ ಠರಾವನ್ನು ಮತ್ತೆ ತೆಗೆಯಬೇಕಾದರೆ ಹಿಂದೆ ಅದರ ಪರವಾಗಿ ಮತ ಹಾಕಿದವರಲ್ಲಿ ಒಬ್ಬರಾದರೂ ಅದನ್ನು ಕೇಳಬೇಕು, ಇಲ್ಲವೇ ಹೊಸ ದಾಖಲೆಯೊಂದು ಬಂದಿರಬೇಕು. ಈ ಕೊನೆಯ ನಿಯಮ ಬಂದ ಮೇಲೆ ಸಭೆಯ ಉದ್ದ ಅರ್ಧಕ್ಕಿಳಿಯಿತು. ಪ್ರತಿ ಚಳಿಗಾಲದಲ್ಲಿ ಸುವರ್ಣ ವಿಧಾನಸೌಧದ ಅಧಿವೇಶನದ ಗದ್ದಲವನ್ನು ಮನೆಯಲ್ಲೇ ಕುಳಿತು ಟೀವಿಯಲ್ಲಿ ನೋಡುವ ಊರಿನವರಾದ ನಮಗೆ, ಸದನದ ಬಾವಿಗಿಳಿಯುವುದು ಹೇಗೆಂದು ಚೆನ್ನಾಗಿ ಗೊತ್ತಿದೆ. ಸಭಾಧ್ಯಕ್ಷರ ಕೆಲಸವೇನೆಂದು ನೋಡಿ ಕಲಿತದ್ದು ಕಡಿಮೆ. ಭಾಷೆಯ ವಿಷಯವನ್ನೂ ಹೇಳಬೇಕು. ನಮ್ಮ ಕಟ್ಟಡದಲ್ಲಿ ಕನ್ನಡ, ಮರಾಠಿ ಎರಡೂ ಮನೆಮಾತಿನವರಿದ್ದಾರೆ. ನಡಾವಳಿಯನ್ನು ಕನ್ನಡದಲ್ಲಿ ಬರೆದು, ಪ್ರತಿ ಠರಾವನ್ನು ಮತಕ್ಕೆ ಹಾಕುವ ಮೊದಲು ಮರಾಠಿಯಲ್ಲಿಯೂ ಓದಿ ಹೇಳಿದ್ದರಿಂದ, ನನಗೆ ಅರ್ಥವಾಗಿರಲಿಲ್ಲವೆಂಬ ಹಳೆಯ ಕಾರಣ ಯಾರ ಬಾಯಿಂದಲೂ ಬರಲಿಲ್ಲ.

ಮೊದಲ ಸಭೆಯಲ್ಲಿಯೇ ಸಮಿತಿಯು ಐದಕ್ಕೆ ಎರಡು ಮತಗಳಿಂದ ಅವರನ್ನು ಜಂಟಿ ಕಾರ್ಯದರ್ಶಿಯ ಹುದ್ದೆಯಿಂದ ಬಿಡುಗಡೆ ಮಾಡಿತು. ಅಧ್ಯಕ್ಷರು, ಕಾರ್ಯದರ್ಶಿ, ಖಜಾಂಚಿ ಈ ಮೂವರಲ್ಲಿ ಯಾರಾದರೂ ಇಬ್ಬರ ಸಹಿ ಸಾಕೆಂದು ಬ್ಯಾಂಕಿಗೆ ಹೊಸ ಠರಾವು ಹೋಯಿತು; ಲಿಫ್ಟಿನ ಹಣ ಸಂದಾಯವಾಯಿತು. ವಾಚ್‌ಮನ್ ಮತ್ತು ಕಸಗುಡಿಸುವವರಿಗೆ ಸೂಚನೆ ಕೊಡುವವರು ಒಬ್ಬರೇ, ಅದು ಕಾರ್ಯದರ್ಶಿ, ಎಂಬುದು ನೋಟಿಸ್ ಬೋರ್ಡಿಗೆ ಬಂತು. ಇಷ್ಟಕ್ಕೆ ನಿಲ್ಲಿಸಿ ಎಂಬುದು ಕಚೇರಿಯವರ ಲಿಖಿತ ಸಲಹೆಯಾಗಿತ್ತು. ಅಧ್ಯಕ್ಷರು ಒಪ್ಪಲಿಲ್ಲ. ಸಮಿತಿಯ ಸದಸ್ಯತ್ವದಿಂದಲೂ ಅವರನ್ನು ತೆಗೆಯಬೇಕೆಂದು ಮಾಲೀಕರ ವಿಶೇಷ ಸಭೆ ಕರೆಸಿದರು.

ಆ ಸಭೆಯ ತಯಾರಿಯಲ್ಲಿ ಈ ಕಚೇರಿಯವರ ಕೆಲಸ ಅಚ್ಚುಕಟ್ಟಾಗಿತ್ತು. ನಮ್ಮ ಬೈಲಾದ ಪ್ರಕಾರ ಮತವೆಂದರೆ ಮನೆಗೊಂದು ಕೈ ಎತ್ತುವುದಲ್ಲ. ಘೋಷಣಾ ಪತ್ರದಲ್ಲಿ ಪ್ರತಿ ಫ್ಲ್ಯಾಟಿಗೆ ನಮೂದಿಸಿರುವ ಅವಿಭಾಜ್ಯ ಪಾಲಿನ ಶೇಕಡಾವಾರು ಲೆಕ್ಕದಲ್ಲಿ ಮತದ ತೂಕ ಬರುತ್ತದೆ. ಮೂರು ಬೆಡ್‌ರೂಮಿನ ಮನೆಯ ಮತ ಎರಡು ಬೆಡ್‌ರೂಮಿನ ಮನೆಯ ಮತಕ್ಕಿಂತ ಭಾರವೆಂದು ಕೇಳಿ ಹಲವರಿಗೆ ಆಶ್ಚರ್ಯವಾಯಿತು. ಅದಕ್ಕಿಂತ ಮುಖ್ಯವಾದದ್ದು, ಬಹುಮತವೆಂದರೆ ಸಭೆಗೆ ಬಂದವರಲ್ಲಿ ಹೆಚ್ಚಿನವರಲ್ಲ, ಕಟ್ಟಡದ ಒಟ್ಟು ಮತಗಳಲ್ಲಿ ಶೇ 51. ಪುಣೆ, ಬೆಂಗಳೂರು, ಗೋವಾಗಳಲ್ಲಿ ನೌಕರಿಯಲ್ಲಿದ್ದು ಇಲ್ಲಿನ ಮನೆಯನ್ನು ಬಾಡಿಗೆಗೆ ಕೊಟ್ಟಿರುವ ಮಾಲೀಕರು ಲಿಖಿತ ಪ್ರಾಕ್ಸಿ (ತಮ್ಮ ಪರವಾಗಿ ಮತ ಹಾಕಲು ಇನ್ನೊಬ್ಬರಿಗೆ ಕೊಡುವ ಅಧಿಕಾರ) ಕಳಿಸದಿದ್ದರೆ ಅವರ ಗೈರುಹಾಜರಿ ಎಲ್ಲ ಠರಾವುಗಳಿಗೂ ವಿರುದ್ಧ ಮತವೇ ಆಗಿ ಪರಿಣಮಿಸುತ್ತದೆ. ಕಚೇರಿಯವರು ಫ್ಲ್ಯಾಟಿನ ಸಂಖ್ಯೆ, ಪಾಲು, ಹಾಜರಿ, ಪ್ರಾಕ್ಸಿ ಎಂಬ ತಖ್ತೆಯೊಂದನ್ನು ಮಾಡಿ ಬಾಗಿಲಲ್ಲೇ ಅಂಟಿಸಿದ್ದರಿಂದ ಎಣಿಕೆಯ ಬಗ್ಗೆ ಜಗಳವಾಗಲಿಲ್ಲ.

ಆ ಸದಸ್ಯರಿಗೆ ಮಾತನಾಡಲು ಹದಿನೈದು ನಿಮಿಷ ಕೊಡಲಾಯಿತು. ಅವರು ತಮ್ಮ ಪಟ್ಟಿಯ ಹಾಳೆಯನ್ನೇ ಹಿಡಿದುಕೊಂಡು ಬಂದು, ಒಂದೊಂದು ಪ್ರಶ್ನೆಯನ್ನೂ ಅದಕ್ಕೆ ಸಿಕ್ಕ ಉತ್ತರವನ್ನೂ ಓದಿದರು, ದನಿ ಏರಿಸದೆ. ಮತ ಹಾಕಿದಾಗ ಠರಾವಿನ ಪರ ಶೇ 43 ಬಂತು, ಬಿದ್ದುಹೋಯಿತು. ಅವರು ಸಮಿತಿಯಲ್ಲಿ ಉಳಿದರು. "ಹದಿನೆಂಟು ಸಾವಿರ ಕೊಟ್ಟು ಅವರನ್ನ ಗಟ್ಟಿ ಮಾಡಿ ಕೂಡಿಸಿದಂಗಾತು" ಎಂದು ಅಧ್ಯಕ್ಷರು ಇಂದಿಗೂ ಅಸಮಾಧಾನದಲ್ಲಿದ್ದಾರೆ, ಈ ಸೇವೆಗೆ ಅವರು ಕೊಡುವ ಅಂಕ ಸೊನ್ನೆ. ನನ್ನ ಅಂಕ ಬೇರೆ. ಹಣ ಕೊಟ್ಟವರು ಬಯಸಿದ ಫಲಿತಾಂಶವನ್ನು ತಂದುಕೊಡುವುದು ಅವರ ಕೆಲಸವಾಗಿದ್ದಿದ್ದರೆ ಆ ಸದಸ್ಯರು ಮೊದಲ ದಿನ ಎತ್ತಿದ ಆಕ್ಷೇಪಣೆಯೇ ಸರಿಯಾಗಿಬಿಡುತ್ತಿತ್ತು.

ಇನ್ನು ದೂರುಗಳು. ಸಮಿತಿಯ ಸದಸ್ಯರ ನಡವಳಿಕೆಗೆ ಸಂಹಿತೆಯೊಂದನ್ನು ಬರೆದುಕೊಡುವುದು ಒಪ್ಪಂದದಲ್ಲಿತ್ತು. ಅವರು ಕಳಿಸಿದ ಕರಡನ್ನು ಓದುತ್ತಾ ಹೋದಂತೆ ಐದನೇ ಪುಟದಲ್ಲಿ 1960ರ ಮಹಾರಾಷ್ಟ್ರ ಸಹಕಾರ ಸಂಘಗಳ ಕಾಯ್ದೆಯ ಉಲ್ಲೇಖ ಕಂಡಿತು. ಮುಂಬಯಿಯದೋ ಕೊಲ್ಹಾಪುರದ್ದೋ ಹೌಸಿಂಗ್ ಸೊಸೈಟಿಯ ಕಾಗದವನ್ನು ಹೆಸರು ಬದಲಿಸಿ ನಮಗೆ ಕೊಟ್ಟಿದ್ದರೆಂಬುದು ಸ್ಪಷ್ಟ. ನಮ್ಮದು ಸಹಕಾರ ಸಂಘವೂ ಅಲ್ಲ, ಮಹಾರಾಷ್ಟ್ರದ್ದೂ ಅಲ್ಲ. ಗಡಿಯ ಊರಿನಲ್ಲಿ ಈ ಅಜಾಗರೂಕತೆಗೆ ಬೇರೆ ಅರ್ಥ ಹಚ್ಚುವವರೂ ಇರುತ್ತಾರೆಂಬುದನ್ನು ಅವರಿಗೆ ನಾವು ಹೇಳಿಕೊಡಬೇಕಾಗಿರಲಿಲ್ಲ. ಅದೇ ಕರಡಿನಲ್ಲಿ, ಸಭೆಗೆ ಅಡ್ಡಿಪಡಿಸಿದ ಸದಸ್ಯರಿಗೆ 5,000 ರೂಪಾಯಿ ದಂಡ ಎಂಬ ಕಲಮೂ ಇತ್ತು. ಬೈಲಾದಲ್ಲಿ ಇಲ್ಲದ ದಂಡವನ್ನು ಸಂಹಿತೆಯಲ್ಲಿ ಬರೆದು ವಸೂಲಿ ಮಾಡಲಾಗದು. ಮೊದಲು ಬೈಲಾ ತಿದ್ದುಪಡಿಯಾಗಬೇಕು, ಅದಕ್ಕೆ ಇನ್ನೂ ದೊಡ್ಡ ಬಹುಮತ ಬೇಕು. ಇದನ್ನು ಮೊದಲು ಹಿಡಿದದ್ದು ಯಾರೆಂದು ಓದುಗರು ಊಹಿಸಬಹುದು. ವಕೀಲೆಯವರು ಕ್ಷಮೆ ಕೇಳಿ ಎರಡೂ ಕಲಮುಗಳನ್ನು ತೆಗೆದರು, ಆದರೆ ತಮ್ಮ ಪರೀಕ್ಷೆಯಲ್ಲಿಯೇ ಸಿಗಬೇಕಾಗಿದ್ದ ತಪ್ಪದು.

ನಡಾವಳಿಯ ವಿಷಯದಲ್ಲಿಯೂ ಅವರು ಕೊಟ್ಟ ಮಾತಿನಂತೆ ನಡೆಯಲಿಲ್ಲ. ಮೂರು ದಿನದೊಳಗೆ ಕೊಡುತ್ತೇವೆಂದ ಎರಡನೇ ಸಭೆಯ ನಡಾವಳಿ ಕೈಸೇರುವಾಗ ಎರಡು ವಾರ ದಾಟಿತ್ತು. ಇಂಥ ಜಗಳದಲ್ಲಿ ಇದು ಸಣ್ಣ ವಿಳಂಬವಲ್ಲ. ನಡಾವಳಿ ಬರುವವರೆಗಿನ ದಿನಗಳಲ್ಲಿ ಅಂದು ಏನಾಯಿತೆಂಬುದಕ್ಕೆ ಕಟ್ಟಡದಲ್ಲಿ ನಾಲ್ಕು ಬಗೆಯ ಕಥೆಗಳು ಓಡಾಡಿದವು. ಬರೆಯುವ ಶೈಲಿ ಮಾತ್ರ ಅನುಕರಿಸುವಂತಿದೆ: ಯಾರು ಎಷ್ಟು ಕೂಗಿದರೆಂಬುದನ್ನು ಬರೆಯದೆ, ಮಂಡನೆಯಾದ ವಿಷಯ, ಅನುಮೋದಕರು, ಮತಗಳ ಎಣಿಕೆ, ಭಿನ್ನಮತವಿದ್ದರೆ ಒಂದು ಸಾಲಿನಲ್ಲಿ ಅದರ ಕಾರಣ, ಇಷ್ಟೇ. ಇನ್ನೊಂದು ಸಣ್ಣ ಮಾತು: ಹಿರಿಯರು ಸಭೆಯಲ್ಲಿ ಬೇರೆಯವರ ಮೂರು ನಿಮಿಷವನ್ನು ಗಡಿಯಾರ ನೋಡಿ ನಿಲ್ಲಿಸುತ್ತಾರೆ, ತಮ್ಮ ಇಲಾಖೆಯ ದಿನಗಳ ನೆನಪು ಬಂದಾಗ ಮಾತ್ರ ಗಡಿಯಾರದತ್ತ ನೋಡುವುದಿಲ್ಲ. ದೇಶದ ಮೊದಲ ಕೃಷಿ ಸಹಕಾರ ಸಂಘ 1905ರಲ್ಲಿ ಗದಗ ಬಳಿಯ ಕಣಗಿನಹಾಳದಲ್ಲಿ ಹುಟ್ಟಿತೆಂಬುದು ಹೆಮ್ಮೆಯ ವಿಷಯವೇ, ಆದರೆ ಲಿಫ್ಟಿನ ಬಿಲ್ಲಿನ ನಡುವೆ ಅದನ್ನು ಒಂದಕ್ಕಿಂತ ಹೆಚ್ಚು ಬಾರಿ ಕೇಳಬೇಕಾಗಿ ಬಂತು.

ಶುಲ್ಕ ಒಟ್ಟು 18,000 ರೂಪಾಯಿ. ದಾಖಲೆಗಳ ಓದು, ಲಿಖಿತ ಅಭಿಪ್ರಾಯ, ಸದಸ್ಯರೊಡನೆ ಮಾತುಕತೆ, ಎರಡು ಸಮಿತಿ ಸಭೆ, ಒಂದು ವಿಶೇಷ ಸಭೆ, ಸಂಹಿತೆಯ ಕರಡು ಇವೆಲ್ಲ ಅದರಲ್ಲಿ ಸೇರಿದ್ದವು. ನಮ್ಮ ಕಟ್ಟಡಕ್ಕೆ ಮನೆಗೆ 500 ರೂಪಾಯಿ ಬಿದ್ದಿತು. ಹನ್ನೆರಡು ಮನೆಗಳ ಸಣ್ಣ ಕಟ್ಟಡಕ್ಕೆ ಇದು ಭಾರವೆನಿಸಬಹುದು. ಅಂಥವರು ಮೊದಲ ದಿನದ ಓದು ಮತ್ತು ಅಭಿಪ್ರಾಯವನ್ನಷ್ಟೇ ಪಡೆದು, ಪ್ರಶ್ನೆಗಳ ಪಟ್ಟಿಯನ್ನು ತಾವೇ ಮಾಡಿಕೊಳ್ಳಬಹುದು. ಬಿಡಿಯಾಗಿ ಅದಕ್ಕೆ ಅವರು ತೆಗೆದುಕೊಳ್ಳುವುದು ಕಡಿಮೆ, ಕೇಳಿದರೆ ಮಾತ್ರ ಹೇಳುತ್ತಾರೆ. ಹಣ ಕೊಡಲು ಮನಸ್ಸಿಲ್ಲದವರಿಗೆ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರದ ದಾರಿಯೂ ಇದೆ. 1987ರ ಕಾಯ್ದೆಯಡಿ ನಡೆಯುವ ಲೋಕ ಅದಾಲತ್‌ಗಳಲ್ಲಿ ದಾವೆ ಹೂಡುವ ಮೊದಲಿನ ವಿವಾದಗಳನ್ನೂ ತೆಗೆದುಕೊಳ್ಳುತ್ತಾರೆ, ಶುಲ್ಕವಿಲ್ಲ, ಮತ್ತು ಅಲ್ಲಿ ಆದ ರಾಜಿ ಸಿವಿಲ್ ನ್ಯಾಯಾಲಯದ ಡಿಕ್ರಿಯಷ್ಟೇ ಬಲವುಳ್ಳದ್ದು, ಅದರ ಮೇಲೆ ಅಪೀಲಿಲ್ಲ. ಮೇಂಟೆನನ್ಸ್ ಬಾಕಿಯಂಥ ಹಣದ ವಿವಾದಕ್ಕೆ ಅದು ಒಳ್ಳೆಯ ಜಾಗ. ಆದರೆ ಪ್ರತಿ ತಿಂಗಳ ಸಭೆ ಹೇಗೆ ನಡೆಯಬೇಕೆಂಬುದನ್ನು ರಾಜಿಪತ್ರದಲ್ಲಿ ಬರೆಯಲು ಬರುವುದಿಲ್ಲ.

ಈ ಸೇವೆ ಹೊಂದದ ಸಂದರ್ಭಗಳೂ ಇವೆ. ಸಂಘದ ಹಣ ನಿಜವಾಗಿ ಕಾಣೆಯಾಗಿದ್ದರೆ, ಯಾರಾದರೂ ಹೊಡೆದಾಟಕ್ಕೆ ಇಳಿದಿದ್ದರೆ, ಹೆಣ್ಣುಮಕ್ಕಳಿಗೋ ಕೆಲಸದವರಿಗೋ ಕಿರುಕುಳವಾಗಿದ್ದರೆ, ಅದು ಪೊಲೀಸ್ ಠಾಣೆಯ ವಿಷಯ, ಹಾಳೆಯ ಮೇಲೆ ಕಾಲಂ ಎಳೆಯುವವರದ್ದಲ್ಲ. ಹೀಗೆಂದು ಅವರೇ ಮೊದಲ ಭೇಟಿಯಲ್ಲಿ ಹೇಳಿದರು. ವಾಟ್ಸಾಪ್‌ನ ಮಾತುಗಳಿಗಾಗಿ ಮಾನಹಾನಿಯ ದೂರು ಕೊಡಬೇಕೆಂದು ಖಜಾಂಚಿಯವರು ಹೊರಟಿದ್ದನ್ನು ಮಾತ್ರ ಅವರು ತಡೆದರು. ಭಾರತೀಯ ನ್ಯಾಯ ಸಂಹಿತೆಯ 356ನೇ ಕಲಮಿನಲ್ಲಿ ಅದಕ್ಕೆ ಅವಕಾಶವಿದೆ, ಆದರೆ ವರ್ಷಗಟ್ಟಲೆ ಒಂದೇ ಲಿಫ್ಟಿನಲ್ಲಿ ಏರಿಳಿಯುವ ಇಬ್ಬರು ವರ್ಷಗಟ್ಟಲೆ ಒಂದೇ ಕೋರ್ಟಿಗೂ ಅಲೆಯಬೇಕಾಗುತ್ತದೆ ಎಂದರು. ಅದರ ಬದಲು ಆಡಿಟ್ ಆದ ಲೆಕ್ಕದ ಪ್ರತಿಯನ್ನು ಎಲ್ಲ 36 ಮನೆಗಳಿಗೂ ಹಂಚಿಸಿದರು. ಖಜಾಂಚಿಯವರಿಗೆ ಅದರಿಂದ ಪೂರ್ತಿ ಸಮಾಧಾನವಾಗಿಲ್ಲ, ದೂರು ಮಾತ್ರ ಕೊಟ್ಟಿಲ್ಲ.

ಕೆಲಸ ಮುಗಿದ ಮೇಲೆ ಕಚೇರಿಯವರು ವರ್ಷದ ಗುತ್ತಿಗೆಯ ಪ್ರಸ್ತಾಪ ಕಳಿಸಿದ್ದಾರೆ: ಪ್ರತಿ ತಿಂಗಳ ಸಭೆಗೆ ಬಂದು ಕುಳಿತು, ನಡಾವಳಿ ಬರೆದುಕೊಡುತ್ತಾರೆ. ನಾನು ಅದಕ್ಕೆ ಒಪ್ಪಿಗೆ ಕೊಡಬಾರದೆಂದು ಟಿಪ್ಪಣಿ ಬರೆದಿದ್ದೇನೆ. ಮೂರು ನಿಮಿಷದ ನಿಯಮವನ್ನು ಪಾಲಿಸಲು ಪ್ರತಿ ತಿಂಗಳೂ ಹೊರಗಿನವರು ಬೇಕೆಂದಾದರೆ ಸಮಿತಿಯೇಕೆ ಎಂಬ ಪ್ರಶ್ನೆ ಬರುತ್ತದೆ, ಮತ್ತು ನಡಾವಳಿ ಬರೆಯುವಲ್ಲಿ ಅವರು ನಮಗಿಂತ ನಿಧಾನ. ವಾರ್ಷಿಕ ಮಹಾಸಭೆಯಲ್ಲಿ ಚುನಾವಣೆ ಇರುವುದರಿಂದ ಆ ಒಂದು ದಿನಕ್ಕೆ ಅವರನ್ನು ಕರೆಸಬಹುದು. ಶೇಕಡಾವಾರು ಮತದ ತಖ್ತೆ ಅವರ ಕೈಯಿಂದಲೇ ಬಂದರೆ ಒಳ್ಳೆಯದು. ಈ ಎರಡೂ ವಿಷಯ ಮುಂದಿನ ಸಭೆಯ ಕಾರ್ಯಸೂಚಿಯಲ್ಲಿ ನಾಲ್ಕನೆಯವಾಗಿ ಬಂದಿವೆ. ಅದರ ಮೇಲೆ ಮೂರು ಲಿಖಿತ ಪ್ರಶ್ನೆಗಳು ಈಗಾಗಲೇ ನನ್ನ ಕೈಸೇರಿವೆ, ಮೂರೂ ಒಬ್ಬರದೇ, ಮೂರಕ್ಕೂ ದಾಖಲೆಯ ಕಾಲಂ ತುಂಬಿದೆ.